ದೊಡ್ಡ ಪಾರ್ಟಿ ದಿವಾಳಿ ಎದ್ದಾಗ: ಲೆಗೋ ಕಟ್ಟಿದ ಬಡಗಿಯ ಬದುಕು

ಒಂದಕ್ಕೊಂದು ಕಚ್ಚಿಕೊಳ್ಳುವ ಬಣ್ಣಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳ ಡಬ್ಬ ಇವತ್ತು ಸಣ್ಣ ಊರಿನ ಆಟಿಕೆ ಅಂಗಡಿಯಲ್ಲೂ ಸಿಗುತ್ತೆ. ಹೆಚ್ಚಿನವು ಡೂಪ್ಲಿಕೇಟ್ ಮಾಲು, ಅಸಲಿ ಲೆಗೋ ದುಬಾರಿ. ಅಸಲಿಯೋ ನಕಲಿಯೋ, ಈ ಆಟಿಕೆಯನ್ನು ಮನೆಮಾತು ಮಾಡಿದ ಕಂಪನಿ ಹುಟ್ಟಿದ್ದು ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಪುಟ್ಟ ಹಳ್ಳಿಯ ಬಡಗಿಯೊಬ್ಬರ ವರ್ಕ್‌ಶಾಪ್‌ನಲ್ಲಿ. ಅವರ ಹೆಸರು ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್. ಶುರುವಿನಲ್ಲಿ ಅವರು ಮಾಡುತ್ತಿದ್ದದ್ದು ಪ್ಲಾಸ್ಟಿಕ್ ಅಲ್ಲ, ಮರದ ಆಟಿಕೆ. ಆ ಕಸುಬು ಕಣ್ಣು ಬಿಡುವ ಹೊತ್ತಿಗೇ ಮುಚ್ಚಿಹೋಗುವ ಸ್ಥಿತಿಗೆ ಬಂದಿತ್ತು. ಕಾರಣ, ದೊಡ್ಡ ಆರ್ಡರ್ ಕೊಟ್ಟಿದ್ದ ಸಗಟು ವ್ಯಾಪಾರಿಯೊಬ್ಬ ಹಣ ಕೊಡುವ ಮೊದಲೇ ದಿವಾಳಿ ಎದ್ದಿದ್ದ.

ಓಲೆ ಕಿರ್ಕ್ ಹುಟ್ಟಿದ್ದು 1891ರ ಏಪ್ರಿಲ್ 7ರಂದು, ಡೆನ್ಮಾರ್ಕ್‌ನ ಜಟ್ಲೆಂಡ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ. ಬಡ ರೈತ ಕುಟುಂಬ, ಮನೆ ತುಂಬ ಮಕ್ಕಳು. ಚಿಕ್ಕಂದಿನಲ್ಲಿ ದನ ಕುರಿ ಕಾಯುವ ಕೆಲಸ, ಆಮೇಲೆ ಅಣ್ಣನ ಹತ್ತಿರ ಬಡಗಿ ಕೆಲಸ ಕಲಿತರು. ಕೈ ಕುದುರಿದ ಮೇಲೆ ಜರ್ಮನಿ, ನಾರ್ವೆಗೆ ಹೋಗಿ ದುಡಿದರು. ನಾರ್ವೆಯಲ್ಲಿ ಪರಿಚಯವಾದ ಹನ್ಸೀನೆ ಎಂಬಾಕೆಯನ್ನು 1916ರಲ್ಲಿ ಮದುವೆಯಾದರು. ಕೂಡಿಟ್ಟ ದುಡ್ಡಿಗೆ ಸಾಲ ಸೇರಿಸಿ ಅದೇ ವರ್ಷ ಬಿಲ್ಲುಂಡ್‌ನಲ್ಲಿದ್ದ ಒಂದು ಮರಗೆಲಸದ ವರ್ಕ್‌ಶಾಪ್ ಕೊಂಡುಕೊಂಡರು. ಆಗ ಬಿಲ್ಲುಂಡ್ ಅಂದರೆ ಕೆಲವೇ ಮನೆಗಳು, ಒಂದು ರೈಲ್ವೆ ಸ್ಟೇಷನ್, ಸುತ್ತ ಬರಡು ಬಯಲು.

ಆ ವರ್ಕ್‌ಶಾಪ್‌ನ ಗಿರಾಕಿಗಳು ಯಾರು ಅಂತ ನೋಡಿದರೆ ಮುಂದಿನ ಕಥೆ ಸಲೀಸಾಗಿ ಅರ್ಥವಾಗುತ್ತೆ. ಹೆಚ್ಚುಕಮ್ಮಿ ಎಲ್ಲರೂ ಸುತ್ತಮುತ್ತಲ ರೈತರು. ಬೇಸಿಗೆಯಲ್ಲಿ ಅವರಿಗೆ ಮನೆ, ಕೊಟ್ಟಿಗೆ ಕಟ್ಟಿಕೊಡುವುದು, ಚಳಿಗಾಲದಲ್ಲಿ ಒಳಗೆ ಕೂತು ಬಾಗಿಲು, ಕಿಟಕಿ, ಬೀರು, ಮೇಜು ಮಾಡುವುದು. ಹತ್ತಿರದ ಹಳ್ಳಿಯ ಚರ್ಚು, ಊರಿನ ಹಾಲಿನ ಡೇರಿಯ ಕೆಲಸವನ್ನೂ ಓಲೆ ಕಿರ್ಕ್ ಮಾಡಿದ್ದರು. ಕೆಲಸ ಚೊಕ್ಕ ಅನ್ನೋ ಹೆಸರಿತ್ತು. ದೈವಭಕ್ತರು, ಜೊತೆಗೆ ತಮಾಷೆ ಸ್ವಭಾವದವರು.

1924ರಲ್ಲಿ ಒಂದು ಭಾನುವಾರ ಮಧ್ಯಾಹ್ನ ಅವರು ಮಲಗಿದ್ದಾಗ ಇಬ್ಬರು ಗಂಡುಮಕ್ಕಳು ವರ್ಕ್‌ಶಾಪ್‌ನಲ್ಲಿ ಅಂಟು ಕಾಯಿಸುವ ಒಲೆ ಹೊತ್ತಿಸಲು ಹೋದರು. ಕಿಡಿ ಮರದ ಸಿಪ್ಪೆಗೆ ತಗುಲಿತು. ವರ್ಕ್‌ಶಾಪೂ ಹೋಯಿತು, ಮನೆಯೂ ಹೋಯಿತು. ಕಡ್ಡಿ ಗೀರಿದವರಲ್ಲಿ ಒಬ್ಬ ನಾಲ್ಕು ವರ್ಷದ ಗೋಟ್‌ಫ್ರೆಡ್, ಮುಂದೆ ಇದೇ ಕಂಪನಿಯನ್ನು ಜಗತ್ತಿಗೆ ಕೊಂಡೊಯ್ದವನು. ಓಲೆ ಕಿರ್ಕ್ ಸುಟ್ಟುಹೋದದ್ದಕ್ಕಿಂತ ದೊಡ್ಡ ಕಟ್ಟಡವನ್ನೇ ಎಬ್ಬಿಸಿದರು. ಬಾಗಿಲ ಎರಡೂ ಬದಿಗೆ ಸಿಂಹದ ಮೂರ್ತಿ ಇರುವ ಆ ಮನೆ ಬಿಲ್ಲುಂಡ್‌ನಲ್ಲಿ ಇಂದಿಗೂ ಇದೆ. ಆದರೆ ಅದರ ಜೊತೆ ಸಾಲವೂ ಎದ್ದು ನಿಂತಿತ್ತು. ರೈತರಿಂದ ಕೆಲಸ ಬರುತ್ತಿದ್ದಷ್ಟು ದಿನ ಅದು ಭಾರ ಅನಿಸಲಿಲ್ಲ.

1929ರಲ್ಲಿ ಅಮೆರಿಕದ ಷೇರುಪೇಟೆ ಬಿತ್ತು. ಬಿಲ್ಲುಂಡ್‌ನ ಬಡಗಿಗೂ ನ್ಯೂಯಾರ್ಕ್‌ಗೂ ಏನು ಸಂಬಂಧ ಅನಿಸಬಹುದು. ಡೆನ್ಮಾರ್ಕ್ ಆಗ ಬದುಕುತ್ತಿದ್ದದ್ದು ಬೆಣ್ಣೆ, ಹಂದಿಮಾಂಸ, ಮೊಟ್ಟೆ ಹೊರದೇಶಕ್ಕೆ ಮಾರಿ. ಕೊಳ್ಳುವ ದೊಡ್ಡ ಪಾರ್ಟಿ ಬ್ರಿಟನ್. ಧಾರಣೆ ಕುಸಿಯಿತು. 1932ರಲ್ಲಿ ಬ್ರಿಟನ್ ಹೊರಗಿನ ಮಾಲಿಗೆ ಸುಂಕ ಹಾಕಿ, ಅದೇ ಬೇಸಿಗೆಯಲ್ಲಿ ಕೆನಡಾದ ಒಟ್ಟಾವಾದಲ್ಲಿ ಸಭೆ ಸೇರಿ ತನ್ನ ಸಾಮ್ರಾಜ್ಯದ ದೇಶಗಳ ಮಾಲಿಗೇ ಮೊದಲ ಮಣೆ ಅಂತ ತೀರ್ಮಾನಿಸಿತು. ಜರ್ಮನಿಯೂ ಬಾಗಿಲು ಬಿಗಿ ಮಾಡಿಕೊಂಡಿತು. ಅಂದರೆ ಒಂದು ಇಡೀ ದೇಶವೇ ತನ್ನ ದೊಡ್ಡ ಗಿರಾಕಿಯ ವ್ಯಾಪಾರ ಕಳೆದುಕೊಳ್ಳುತ್ತಿತ್ತು. ಆ ಚಳಿಗಾಲದಲ್ಲಿ ಡೆನ್ಮಾರ್ಕ್‌ನ ಕಾರ್ಮಿಕ ಸಂಘಗಳ ಸದಸ್ಯರಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಜನಕ್ಕೆ ಕೆಲಸವಿರಲಿಲ್ಲ.

ಬೆಣ್ಣೆಗೆ ರೇಟಿಲ್ಲ ಅಂದರೆ ರೈತ ಕೊಟ್ಟಿಗೆ ಕಟ್ಟಿಸೋದಿಲ್ಲ. ಹೊಸ ಕಿಟಕಿ ಬೇಡ, ಹಳೇ ಬೀರು ಇನ್ನೊಂದು ವರ್ಷ ನಡೆಯಲಿ ಅಂತಾನೆ. ಓಲೆ ಕಿರ್ಕ್ ವರ್ಕ್‌ಶಾಪ್‌ಗೆ ಕೆಲಸ ಬರೋದು ನಿಂತಿತು. ಜೊತೆಯಲ್ಲಿ ದುಡಿಯುತ್ತಿದ್ದ ಕೈಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಸಣ್ಣ ಊರಲ್ಲಿ ಕೆಲಸದಿಂದ ತೆಗೆಯೋದು ಅಂದರೆ ದಿನಾ ಮುಖ ನೋಡುವ ನೆರೆಮನೆಯವನ ಅನ್ನ ತೆಗೆದ ಹಾಗೆ.

ದೊಡ್ಡ ಕೆಲಸ ಇಲ್ಲದ ಮೇಲೆ ಸಣ್ಣದನ್ನು ಮಾಡೋಣ ಅಂತ ಅವರು ಹೊರಟದ್ದು ಆಗಲೇ. ಕೈ ಏಣಿ, ಬಟ್ಟೆ ಇಸ್ತ್ರಿ ಮಾಡುವ ಹಲಗೆ, ಹಾಲು ಕರೆಯುವಾಗ ಕೂರುವ ಸ್ಟೂಲು. ಕಡಿಮೆ ಮರ, ಕಡಿಮೆ ಬೆಲೆ, ಯಾವ ಮನೆಗಾದರೂ ಬೇಕಾಗುವ ಸಾಮಾನು. ಉಳಿದ ಮರದ ತುಂಡುಗಳಿಂದ ಆಟಿಕೆ: ಕಾರು, ಲಾರಿ, ದಾರ ಕಟ್ಟಿ ಎಳೆಯುವ ಪ್ರಾಣಿಗಳು. ಏಣಿ, ಹಲಗೆಗಳ ಮಾದರಿಯನ್ನು ಮೊದಲು ಚಿಕ್ಕದಾಗಿ ಮಾಡಿ ನೋಡುತ್ತಿದ್ದರು, ಆ ಪುಟಾಣಿ ಮಾದರಿಗಳನ್ನು ನೋಡಿಯೇ ಆಟಿಕೆಯ ಯೋಚನೆ ಬಂತು ಅಂತ ಹೇಳುವುದುಂಟು. ಬಳಸಿದ್ದು ಗಟ್ಟಿಯಾದ ಬೀಚ್ ಮರ. ಮನೆ ಬಾಗಿಲಿಗೆ ಮರವನ್ನು ಎಷ್ಟು ಹದ ಮಾಡುತ್ತಿದ್ದರೋ ಆಟದ ಕಾರಿಗೂ ಅಷ್ಟೇ ಹದ, ಅಷ್ಟೇ ಉಜ್ಜಾಟ. ಹೊಟ್ಟೆಗೇ ಇಲ್ಲದ ಕಾಲದಲ್ಲಿ ಇದೆಲ್ಲ ಅತಿಯಾಯಿತು ಅಂತ ಊರವರಿಗೆ ಅನಿಸಿದ್ದರೆ ಆಶ್ಚರ್ಯವೇನಿಲ್ಲ.

ಹೀಗಿರುವಾಗ ಸಗಟು ವ್ಯಾಪಾರಿಯೊಬ್ಬರಿಂದ ಆಟಿಕೆಗೆ ಆರ್ಡರ್ ಬಂತು. ಒಂದೆರಡು ಡಜನ್ ಅಲ್ಲ, ಕ್ರಿಸ್‌ಮಸ್ ಸೀಸನ್‌ಗೆ ಬೇಕಾಗುವಷ್ಟು ಮಾಲು. ಓಲೆ ಕಿರ್ಕ್‌ಗೆ ಅದು ಮುಳುಗುವವನಿಗೆ ಹಗ್ಗ ಸಿಕ್ಕಂತೆ. ಅಂಗಡಿ ಅಂಗಡಿ ಅಲೆಯಬೇಕಾಗಿಲ್ಲ, ಮಾಡಿ ಕೊಟ್ಟರೆ ಸಾಕು, ಮಾರೋದು ಅವನ ತಲೆನೋವು. ವರ್ಕ್‌ಶಾಪ್‌ನಲ್ಲಿ ಮತ್ತೆ ಗರಗಸದ ಸದ್ದು ಕೇಳಿತು. ಮರ ಕೊಯ್ದು, ಉಜ್ಜಿ, ಬಣ್ಣ ಬಳಿದು ಆಟಿಕೆ ಸಾಲುಸಾಲಾಗಿ ರೆಡಿಯಾದವು. ಅಷ್ಟರಲ್ಲಿ ಆ ವ್ಯಾಪಾರಿ ದಿವಾಳಿ ಅನ್ನೋ ಸುದ್ದಿ ಬಂತು.

ವ್ಯಾಪಾರ ಮಾಡಿ ಗೊತ್ತಿರುವವರಿಗೆ ಇದರ ಪೆಟ್ಟು ಎಲ್ಲೆಲ್ಲಿ ಬೀಳುತ್ತೆ ಅಂತ ಹೇಳಬೇಕಾಗಿಲ್ಲ. ಲಾಭ ಹೋಯಿತು ಅನ್ನೋದು ಅದರಲ್ಲಿ ಸಣ್ಣ ಪಾಲು. ಮರಕ್ಕೆ, ಬಣ್ಣಕ್ಕೆ ಹಾಕಿದ ಅಸಲು ಆಟಿಕೆಯ ರೂಪದಲ್ಲಿ ಕಪಾಟಿನಲ್ಲಿ ಕೂತುಬಿಟ್ಟಿತು. ಕೂಲಿ ಮಾತ್ರ ನಗದಾಗಿ ಹೋಗಬೇಕು. ಆರ್ಡರ್ ನಂಬಿ ಬೇರೆ ಕೆಲಸಕ್ಕೆ ಕೈ ಹಾಕಿರಲಿಲ್ಲವಾದರೆ ಆ ತಿಂಗಳುಗಳೂ ಹೋದ ಹಾಗೆ. ದಿವಾಳಿಯಾದವನ ಆಸ್ತಿಯಲ್ಲಿ ಪಾಲು ಕೇಳೋಣ ಅಂದರೆ ಬ್ಯಾಂಕಿನವರು, ದೊಡ್ಡ ಸಾಲಗಾರರು ಸಾಲಿನಲ್ಲಿ ಮುಂದೆ ನಿಂತಿರುತ್ತಾರೆ, ಹಳ್ಳಿಯ ಬಡಗಿಗೆ ಕೊನೆಗೆ ಸಿಗೋದು ಏನು? ಇದರ ಮೇಲೆ ಆಟಿಕೆ ವ್ಯಾಪಾರದ್ದೇ ಒಂದು ಕಷ್ಟ ಬೇರೆ. ಏಣಿಯನ್ನು ಯಾವ ತಿಂಗಳಾದರೂ ಮಾರಬಹುದು. ಕ್ರಿಸ್‌ಮಸ್ ಮುಗಿದರೆ ಆಟಿಕೆಯನ್ನು ಮುಂದಿನ ಕ್ರಿಸ್‌ಮಸ್‌ವರೆಗೂ ಕೇಳುವವರು ಕಡಿಮೆ. ಹೊಸ ಗಿರಾಕಿ ಹುಡುಕಲು ಕೈಯಲ್ಲಿದ್ದದ್ದು ಬರೀ ವಾರಗಳು.

ಎಲ್ಲಕ್ಕಿಂತ ದೊಡ್ಡ ತೊಡಕು ಇನ್ನೊಂದು. ಆ ಆಟಿಕೆಗಳನ್ನು ಯಾವ ಅಂಗಡಿಗೆ ಹಾಕಬೇಕು, ಯಾವ ಊರಲ್ಲಿ ಏನು ಓಡುತ್ತೆ, ಯಾರು ಉದ್ದರಿ ಕೇಳ್ತಾರೆ, ಇದು ಯಾವುದೂ ಓಲೆ ಕಿರ್ಕ್‌ಗೆ ತಿಳಿಯದು. ಅದೆಲ್ಲ ಸಗಟು ವ್ಯಾಪಾರಿಯ ತಲೆಯಲ್ಲಿತ್ತು. ಅವನು ಮುಳುಗಿದಾಗ ಅಂಗಡಿಗಳ ದಾರಿಯೂ ಅವನ ಜೊತೆಗೇ ಮುಳುಗಿತು. ಒಬ್ಬನೇ ಪಾರ್ಟಿಗೆ ಮಾಲು ಮಾಡುವ ಯಾವ ಸಣ್ಣ ಕಾರ್ಖಾನೆಗಾದರೂ ಬಿಸಿ ತಟ್ಟುವ ಜಾಗ ಇದು.

ಆಟಿಕೆಗಳನ್ನು ಮೂಲೆಗೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಓಲೆ ಕಿರ್ಕ್ ಹಾಗೆ ಮಾಡದೆ ಮಾಲನ್ನು ಕಾರಿಗೆ ತುಂಬಿಕೊಂಡು ತಾವೇ ಹೊರಟರು. ಮರದ ಜೊತೆ ಮಾತಾಡಿ ಅಭ್ಯಾಸವಿದ್ದ ಮನುಷ್ಯ, ಅಂಗಡಿ ಕಟ್ಟೆಯಲ್ಲಿ ನಿಂತು ಮಾಲು ಹೊಗಳಿ ಅಭ್ಯಾಸವಿಲ್ಲ. ಊರಿಂದೂರಿಗೆ ಹೋಗಿ, ಅಂಗಡಿಗಳ ಮುಂದೆ ನಿಂತು ಡಬ್ಬ ಬಿಚ್ಚಿ ತೋರಿಸಿದರು. ಅಂಗಡಿಯವರ ಗಲ್ಲಾ ಪೆಟ್ಟಿಗೆಯೂ ಖಾಲಿಯೇ ಇದ್ದ ಕಾಲ ಅದು. ದುಡ್ಡಿನ ಬದಲು ದಿನಸಿ ಕೊಟ್ಟವರೂ ಇದ್ದರು. ಓಲೆ ಕಿರ್ಕ್ ಬೇಡ ಅನ್ನಲಿಲ್ಲ. ಮಕ್ಕಳ ಊಟಕ್ಕೆ ಹೇಗೂ ಬೇಕಿತ್ತು. ಲೆಕ್ಕದ ಪುಸ್ತಕದಲ್ಲಿ ಅದು ಎಂಥ ವ್ಯಾಪಾರವೋ ಏನೋ, ಕಪಾಟಿನಲ್ಲಿ ಧೂಳು ಹಿಡಿಯಬೇಕಿದ್ದ ಮಾಲು ಅನ್ನವಾಯಿತು. ಜೊತೆಗೆ ಯಾವ ಅಂಗಡಿಯಲ್ಲಿ ಯಾರಿದ್ದಾರೆ ಅನ್ನೋದೂ ಮೊದಲ ಸಲ ಅವರ ಕಣ್ಣಿಗೇ ಬಿತ್ತು.

ಮನೆಯೊಳಗಿನ ಸ್ಥಿತಿ ಇನ್ನೂ ಕೆಟ್ಟಿತ್ತು. ಅದೇ 1932ರಲ್ಲಿ ಹೆಂಡತಿ ಹನ್ಸೀನೆ ತೀರಿಕೊಂಡರು. ಓಲೆ ಕಿರ್ಕ್‌ಗೆ ಆಗ 41 ವರ್ಷ. ನಾಲ್ಕು ಗಂಡುಮಕ್ಕಳಲ್ಲಿ ದೊಡ್ಡವನಿಗೆ 15, ಕೊನೆಯವನಿಗೆ 6. ಮೂರನೆಯವನು ಗೋಟ್‌ಫ್ರೆಡ್, 12 ವರ್ಷದವನು, ಶಾಲೆ ಬಿಟ್ಟ ಕೂಡಲೇ ಅಪ್ಪನ ಜೊತೆ ಕೆಲಸಕ್ಕೆ ನಿಲ್ಲತೊಡಗಿದ. ಹುಡುಗನಿಗೆ ಆಟಿಕೆ ಮಾಡೋದು ಆಟ ಅನಿಸಿತ್ತೋ ದುಡಿಮೆ ಅನಿಸಿತ್ತೋ, ಅಂತೂ ಅಂದು ಹಿಡಿದ ಕೆಲಸವನ್ನು ಅವನು ಕೊನೆವರೆಗೂ ಬಿಡಲಿಲ್ಲ.

ಸಾಲಗಾರರು ಬಾಗಿಲಿಗೆ ಬಂದಾಗ ಓಲೆ ಕಿರ್ಕ್ ಒಡಹುಟ್ಟಿದವರ ಮುಂದೆ ಕೈ ಚಾಚಬೇಕಾಯಿತು. ಅವರು ನೆರವಾದರು, ಆದರೆ ಷರತ್ತು ಹಾಕಿದರು. ಆಟಿಕೆ ಮಾಡೋದನ್ನು ನಿಲ್ಲಿಸಬೇಕು. ಅವರ ಮಾತೂ ಸುಳ್ಳಲ್ಲ. ಕೈಯಲ್ಲಿ ಒಳ್ಳೆ ಕಸುಬು ಇಟ್ಟುಕೊಂಡು, ಮನೆ ಕಟ್ಟಬಲ್ಲ ಮನುಷ್ಯ ಮಕ್ಕಳ ಬಂಡಿ ಮಾಡಿಕೊಂಡು ಕೂತರೆ ಸಾಲ ಕೊಟ್ಟವರಿಗೆ ಸಿಟ್ಟು ಬರದೆ ಇರುತ್ತದೆಯೇ? ನೆರವು ಪಡೆದ ಓಲೆ ಕಿರ್ಕ್ ಷರತ್ತನ್ನು ಮಾತ್ರ ಪಾಲಿಸಲಿಲ್ಲ. ಏಣಿ, ಹಲಗೆಗಳನ್ನೂ ಬಿಡಲಿಲ್ಲ, ಆಟಿಕೆಯನ್ನೂ ಬಿಡಲಿಲ್ಲ. ಹಲವು ವರ್ಷ ಎರಡೂ ಒಂದೇ ಸೂರಿನಡಿ ನಡೆದವು. ಆಟಿಕೆ ಓಡದ ತಿಂಗಳು ಏಣಿ ಕೈ ಹಿಡಿಯುತ್ತಿತ್ತು.

ಅದೇ ಆಸುಪಾಸಿನಲ್ಲಿ ಯೋಯೋ ಹುಚ್ಚು ಡೆನ್ಮಾರ್ಕ್‌ಗೆ ಬಂತು. ದಾರಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸುವ ಬಿಲ್ಲೆ. ಬೇಡಿಕೆಯೋ ಬೇಡಿಕೆ, ಮಾಡಿದಷ್ಟೂ ಸಾಲದು. ಕೆಲ ಕಾಲದ ಮಟ್ಟಿಗೆ ವರ್ಕ್‌ಶಾಪ್‌ಗೆ ಜೀವ ಬಂತು. ಆಮೇಲೆ ಹುಚ್ಚು ಬಂದಷ್ಟೇ ಬೇಗ ಇಳಿಯಿತು, ಯೋಯೋ ರಾಶಿ ಬಿದ್ದಿತು. ಸಗಟು ವ್ಯಾಪಾರಿ ಕೈಕೊಟ್ಟಾಗ ಆದದ್ದೇ ಮತ್ತೊಮ್ಮೆ, ಈ ಸಲ ಕೈಕೊಟ್ಟದ್ದು ಫ್ಯಾಷನ್. ಓಲೆ ಕಿರ್ಕ್ ಉಳಿದ ಯೋಯೋಗಳನ್ನು ಅಡ್ಡಕ್ಕೆ ಎರಡು ಹೋಳು ಮಾಡಿ ಆಟದ ಲಾರಿಗಳಿಗೆ ಚಕ್ರ ಹಾಕಿದರು. ಮಾರದ ಮಾಲು ಮಾರುವ ಮಾಲಿನ ಬಿಡಿಭಾಗವಾಯಿತು. ಈ ಒಂದು ಉಪಾಯ ಸಾಕು ಮನುಷ್ಯನ ಬುದ್ಧಿ ಯಾವ ಕಡೆ ಓಡುತ್ತಿತ್ತು ಅಂತ ಹೇಳಲು.

1934ರಲ್ಲಿ ಮನೆಗೆಲಸಕ್ಕೆ ಬಂದಿದ್ದ ಸೋಫಿಯನ್ನು ಮದುವೆಯಾದರು, ಮರುವರ್ಷ ಒಬ್ಬ ಮಗಳು ಹುಟ್ಟಿದಳು. ಅದೇ 1934ರಲ್ಲಿ ಕಸುಬಿಗೆ ಒಂದು ಹೆಸರು ಬೇಕು ಅನಿಸಿತು. ಒಬ್ಬ ಸಗಟು ವ್ಯಾಪಾರಿಯ ಹಿಂದೆ ನಿಂತು ಮಾಲು ಮಾಡುವವನಿಗೆ ಹೆಸರು ಬೇಕಾಗಿಲ್ಲ, ಅಂಗಡಿ ಅಂಗಡಿಗೆ ತಾನೇ ಹೋಗುವವನಿಗೆ ಬೇಕು. ಆಗ ಇದ್ದ ಆರೇಳು ಕೆಲಸಗಾರರಿಗೆ ಸ್ಪರ್ಧೆ ಇಟ್ಟರು, ಬಹುಮಾನ ಮನೆಯಲ್ಲೇ ಮಾಡಿದ ಒಂದು ಬಾಟಲಿ ವೈನ್. ಗೆದ್ದವರು ಓಲೆ ಕಿರ್ಕ್ ಅವರೇ, ಬಾಟಲಿಯೂ ಅವರ ಬಳಿಯೇ ಉಳಿಯಿತು. ಡೇನಿಷ್ ಭಾಷೆಯಲ್ಲಿ ಚೆನ್ನಾಗಿ ಆಡು ಅನ್ನೋ ಅರ್ಥದ ಲೈ ಗಾತ್ ಎಂಬ ಎರಡು ಪದಗಳ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ ಹೆಸರು ಲೆಗೋ.

1935ರ ಹೊತ್ತಿಗೆ ಹೆಚ್ಚು ಹೆಸರು ತಂದದ್ದು ಎಳೆದರೆ ಕೊಕ್ಕು ಅಲ್ಲಾಡಿಸುವ ಮರದ ಬಾತುಕೋಳಿ. ಇದರ ಬಗ್ಗೆ ಕಂಪನಿಯಲ್ಲಿ ಇಂದಿಗೂ ಹೇಳುವ ಒಂದು ಪ್ರಸಂಗವಿದೆ. ಬಾತುಕೋಳಿಗೆ ಮೂರು ಕೋಟ್ ವಾರ್ನಿಷ್ ಹಾಕೋದು ಪದ್ಧತಿ. ಹುಡುಗ ಗೋಟ್‌ಫ್ರೆಡ್ ಒಂದು ದಿನ ಎರಡೇ ಕೋಟ್ ಹಾಕಿ, ಪೆಟ್ಟಿಗೆ ತುಂಬಿ, ರೈಲ್ವೆ ಸ್ಟೇಷನ್‌ಗೆ ಸಾಗಿಸಿ ಬಂದ. ವಾರ್ನಿಷ್ ಉಳಿಸಿ ಅಪ್ಪನಿಗೆ ಲಾಭ ಮಾಡಿಕೊಟ್ಟೆ ಅಂತ ಖುಷಿಯಿಂದ ಹೇಳಿಕೊಂಡ. ಓಲೆ ಕಿರ್ಕ್ ಹುಡುಗನನ್ನು ತಕ್ಷಣ ಸ್ಟೇಷನ್‌ಗೆ ವಾಪಸ್ ಕಳಿಸಿದರು. ಪೆಟ್ಟಿಗೆ ತಂದು, ಬಿಚ್ಚಿ, ಒಂದೊಂದಕ್ಕೂ ಮೂರನೇ ಕೋಟ್ ಹಾಕಿ, ಮತ್ತೆ ಪ್ಯಾಕ್ ಮಾಡಿ ಕಳಿಸಬೇಕು, ಅದೂ ಯಾರ ಸಹಾಯವೂ ಇಲ್ಲದೆ. ಇದನ್ನು ಬರೀ ಶಿಸ್ತಿನ ಪಾಠ ಅಂತ ಓದುವವರೇ ಹೆಚ್ಚು. ಆದರೆ ಆಟಿಕೆಯನ್ನು ಮತ್ತೆ ತರಿಸಿಕೊಳ್ಳುವ ನೂರಾರು ಸಣ್ಣ ಅಂಗಡಿಯವರ ಮೇಲೆ ನಿಂತ ವ್ಯಾಪಾರದಲ್ಲಿ ಎರಡು ಕೋಟ್‌ನ ಬಾತುಕೋಳಿ ಯಾರ ಹೆಸರು ಕೆಡಿಸುತ್ತಿತ್ತು ಅಂತಲೂ ಯೋಚಿಸಬೇಕು. ಡಬ್ಬದ ಮೇಲೆ ಈಗ ಸ್ವಂತ ಹೆಸರಿತ್ತು.

1940ರ ಏಪ್ರಿಲ್‌ನಲ್ಲಿ ಜರ್ಮನ್ ಸೇನೆ ಡೆನ್ಮಾರ್ಕ್‌ಗೆ ನುಗ್ಗಿತು. ಹೊರಗಿನಿಂದ ಆಟಿಕೆ ಬರೋದು ಕಮ್ಮಿಯಾದ್ದರಿಂದ ದೇಶದೊಳಗೆ ಮಾಡಿದ್ದಕ್ಕೆ ಬೇಡಿಕೆ ಏರಿತು, ಲೆಗೋಗೆ ವ್ಯಾಪಾರ ಕುದುರಿತು. ಅಷ್ಟರಲ್ಲಿ 1942ರ ಮಾರ್ಚ್ 20ರ ರಾತ್ರಿ ಕಾರ್ಖಾನೆಗೆ ಬೆಂಕಿ. ಮಾಲು, ಯಂತ್ರಗಳ ಜೊತೆ ಎಲ್ಲ ಆಟಿಕೆಗಳ ಮಾದರಿ, ನಕ್ಷೆಗಳೂ ಬೂದಿಯಾದವು. ವಿಮೆ ಹಣ ಪೂರ್ತಿ ನಷ್ಟಕ್ಕೆ ಸಾಲಲಿಲ್ಲ. 50 ದಾಟಿದ್ದ ಓಲೆ ಕಿರ್ಕ್‌ಗೆ ಈ ಸಲ ಬಿಟ್ಟುಬಿಡೋಣ ಅನಿಸಿದ್ದು ನಿಜ. ಆದರೆ ದುಡಿಯುವವರು ಅದೇ ಊರಿನವರು, ಅವರು ಎಲ್ಲಿಗೆ ಹೋಗಬೇಕು? ಮತ್ತೆ ಸಾಲ ಮಾಡಿ ಕಟ್ಟಿದರು. ಹತ್ತು ವರ್ಷದ ಹಿಂದೆ ಕೈಗಳನ್ನು ಬಿಡಿಸಬೇಕಾಗಿದ್ದ ಜಾಗದಲ್ಲಿ 1943ರಲ್ಲಿ ಸುಮಾರು 40 ಜನ ದುಡಿಯುತ್ತಿದ್ದರು.

ಯುದ್ಧ ಮುಗಿದ ಮೇಲೆ ಪ್ಲಾಸ್ಟಿಕ್ ಅಚ್ಚು ಹಾಕುವ ಯಂತ್ರವೊಂದನ್ನು ನೋಡಿ ಮನಸೋತರು. 30,000 ಕ್ರೋನರ್ ಬೆಲೆಯ ಯಂತ್ರ, ಮನೆಯವರಿಗೆ ಇಷ್ಟವಿಲ್ಲ, ಆದರೂ ತರಿಸಿದರು. 1949ರಲ್ಲಿ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆ ಮಾರುಕಟ್ಟೆಗೆ ಬಂತು. ಇದು ಅವರ ಸ್ವಂತ ಕಲ್ಪನೆಯಲ್ಲ, ಬ್ರಿಟನ್ನಿನ ಹಿಲರಿ ಪೇಜ್ ಎಂಬವರು ಕಿಡ್ಡಿಕ್ರಾಫ್ಟ್ ಹೆಸರಲ್ಲಿ ಮಾಡುತ್ತಿದ್ದ ಇಟ್ಟಿಗೆ ಅದಕ್ಕೆ ಮಾದರಿ. ಮೊದಮೊದಲು ಓಡಲಿಲ್ಲ. ಅಂಗಡಿಗಳಿಂದ ಎಷ್ಟೋ ಡಬ್ಬ ವಾಪಸ್ ಬಂದವು. ಆದರೆ ಈಗ ವಾಪಸ್ ಬರೋದು ಒಂದು ಮಾಲು ಮಾತ್ರ. ಮರದ ಬಾತುಕೋಳಿ, ಲಾರಿ, ಬೇರೆ ಪ್ಲಾಸ್ಟಿಕ್ ಆಟಿಕೆಗಳು ಅಂಗಡಿಗಳಿಗೆ ಹೋಗುತ್ತಲೇ ಇದ್ದವು, ಅವುಗಳ ದುಡ್ಡಿನಲ್ಲಿ ಇಟ್ಟಿಗೆಗೆ ತಾಳಿಕೊಳ್ಳುವ ಸಮಯ ಸಿಕ್ಕಿತು. 1932ರಲ್ಲಿ ಓಲೆ ಕಿರ್ಕ್ ಬಳಿ ಇಲ್ಲದೆ ಹೋದದ್ದು ಇದೇ ಸಮಯ.

1950ರ ದಶಕದಲ್ಲಿ ಅವರ ಆರೋಗ್ಯ ಕೈಕೊಟ್ಟಿತು, ಆಡಳಿತ ಗೋಟ್‌ಫ್ರೆಡ್ ಕೈಗೆ ಬಂತು. 1954ರಲ್ಲಿ ಗೋಟ್‌ಫ್ರೆಡ್ ಇಂಗ್ಲೆಂಡ್ ಪ್ರವಾಸದ ಹಡಗಿನಲ್ಲಿ ದೊಡ್ಡ ಮಳಿಗೆಯೊಂದರ ಖರೀದಿ ಅಧಿಕಾರಿಯೊಬ್ಬರ ಜೊತೆ ಮಾತಿಗೆ ಕೂತರು. ಆಟಿಕೆಗಳಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನೋದು ಅವರ ದೂರು. ಗೋಟ್‌ಫ್ರೆಡ್ ಆ ಮಾತು ಹಿಡಿದುಕೊಂಡು ಬಂದು, ಇಂದು ಕೊಂಡ ಇಟ್ಟಿಗೆ ನಾಳೆ ಕೊಂಡದ್ದಕ್ಕೂ ಕೂರುವ ಹಾಗೆ 1955ರಲ್ಲಿ ಎಲ್ಲವನ್ನೂ ಒಂದು ವ್ಯವಸ್ಥೆಗೆ ತಂದರು. ಇಟ್ಟಿಗೆಗಳು ಬಿಗಿಯಾಗಿ ಹಿಡಿಯುವಂತೆ ಒಳಗೆ ಕೊಳವೆ ಇರಿಸಿದ ವಿನ್ಯಾಸಕ್ಕೆ 1958ರ ಜನವರಿ 28ರಂದು ಪೇಟೆಂಟ್ ಅರ್ಜಿ ಹಾಕಿದರು. ಆರು ವಾರ ಕಳೆದು ಮಾರ್ಚ್ 11ರಂದು ಓಲೆ ಕಿರ್ಕ್ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 66 ವರ್ಷ.

1960ರ ಫೆಬ್ರವರಿಯಲ್ಲಿ ಬಿಲ್ಲುಂಡ್‌ನಲ್ಲಿ ಮತ್ತೆ ಬೆಂಕಿ ಬಿತ್ತು, ಸುಟ್ಟದ್ದು ಮರದ ಆಟಿಕೆಗಳ ಗೋದಾಮು. ಅದನ್ನು ಮತ್ತೆ ಕಟ್ಟೋದು ಬೇಡ ಅಂತ ಗೋಟ್‌ಫ್ರೆಡ್ ತೀರ್ಮಾನಿಸಿದರು. ಇದಕ್ಕೆ ಒಪ್ಪದ ಇಬ್ಬರು ಸಹೋದರರು ತಮ್ಮ ಪಾಲು ತೆಗೆದುಕೊಂಡು ಕಂಪನಿಯಿಂದ ಹೊರಬಂದರು.